ಮೂರರ ಚೀಟಿ

ಕ್ಯಾನ್ಸರ್ ಬಂದು ಗಂಟಲ ಆಪರೇಷನ್ ಆದ ಮೇಲೆ ಭಾರತಮ್ಮನ ದನಿ ಉಳಿದಿದ್ದು ಮಗಳು ಮಾನಸಳ ಮೇಜಿನ ಮೇಲಿದ್ದ ಕಪ್ಪು ಪೆಟ್ಟಿಗೆಯಲ್ಲಿ ಮಾತ್ರ. ಸೋಬಾನೆ, ರಾಗಿ ಬೀಸುವ ಪದ, ಅರ್ಧ ಕನ್ನಡ ಅರ್ಧ ತೆಲುಗಿನ ಲಾಲಿ. ಕುರುಡುಮಲೆ ಸುತ್ತಮುತ್ತ ಆಕೆಯ ಹಾಡಿಲ್ಲದೆ ಮದುವೆ ನಡೆದದ್ದೇ ಕಡಿಮೆ. ಮಾನಸ ವರ್ಷಗಟ್ಟಲೆ ಬೆನ್ನುಹತ್ತಿ ಅವನ್ನೆಲ್ಲ ರೆಕಾರ್ಡ್ ಮಾಡಿದ್ದಳು. ಬೇರೆಲ್ಲೂ ಕಾಪಿ ಇರಲಿಲ್ಲ. ಪೆಟ್ಟಿಗೆಯಲ್ಲಿ ನಾಲ್ಕು ಡಿಸ್ಕ್‌ಗಳಿವೆ, ಒಂದು ಹೋದರೂ ಮಿಕ್ಕ ಮೂರರಿಂದ ಎಲ್ಲ ಮರಳಿ ಸಿಗುತ್ತದೆ ಎಂಬ ಭಂಡಧೈರ್ಯ. ಎರಡು ಹೋದರೆ ಏನೂ ಸಿಗುವುದಿಲ್ಲ ಎಂಬುದನ್ನು ಮಾನಸ ಮಹಾತಾಯಿ ಮರೆತೇ ಇದ್ದಳು.

ಇವತ್ತು ಬೆಳಗ್ಗೆ ಕಂಪ್ಯೂಟರ್ ಎಚ್ಚರಿಸಿತು: ಮೂರನೇ ಡಿಸ್ಕ್ ಕೆಡುತ್ತಿದೆ, ಬದಲಾಯಿಸಿ. ಹೊಸ ಡಿಸ್ಕ್ ಮನೆಯಲ್ಲೇ ಇತ್ತು. ಕೆಟ್ಟದ್ದನ್ನು ಎಳೆದು ಹೊಸದನ್ನು ತೂರಿಸಿದರೆ ಮುಗಿಯಿತು. ಮಾನಸ ಮೂರು ಎಂದು ಚೀಟಿ ಅಂಟಿಸಿದ್ದ ಡಿಸ್ಕ್ ಟ್ರೇಗೆ ಕೈಹಾಕಿದಳು. ಹಿಂದಿನಿಂದ ಭಾರತಮ್ಮ ಸ್ಟೀಲ್ ಲೋಟವನ್ನು ನೆಲಕ್ಕೆ ಕುಟ್ಟತೊಡಗಿದರು.

"ಇರಮ್ಮ, ಕಾಫಿ ಆಮೇಲೆ ಮಾಡ್ತೀನಿ," ಎಂದು ತಿರುಗಿಯೂ ನೋಡದೆ ಟ್ರೇ ಎಳೆದೇಬಿಟ್ಟಳು.

ಪೆಟ್ಟಿಗೆ ಕೀ ಎಂದು ಅರಚಿತು. ಎರಡನೇ ಡಿಸ್ಕ್ ಕಾಣೆಯಾಗಿದೆ ಎಂದಿತು ಪರದೆ. ಭಾರತಮ್ಮ ಓಡಿಬಂದು, ಟ್ರೇ ಮೇಲೆ ಒಣಗಿದ್ದ ಕುಂಕುಮದ ಬೊಟ್ಟನ್ನು ಮುಟ್ಟಿ, ಎರಡು ಕೈಗಳನ್ನು ಅದಲುಬದಲು ಮಾಡಿ ತೋರಿಸಿದರು. ಮಾನಸಳಿಗೆ ಈಗ ನೆನಪಾಯಿತು. ಆಯುಧಪೂಜೆಯ ದಿನ ಪೆಟ್ಟಿಗೆ ಆಫ್ ಮಾಡಿ ಕೊಟ್ಟವಳು ತಾನೇ. ಅಮ್ಮ ಕುಡುಗೋಲು, ಮಚ್ಚಿನ ಜೊತೆ ಟ್ರೇಗಳನ್ನೂ ಒಂದೊಂದಾಗಿ ಒರೆಸಿ, ಬೊಟ್ಟಿಟ್ಟು, ಕೈಗೆ ಸಿಕ್ಕಂತೆ ವಾಪಸ್ ತೂರಿಸಿದ್ದರು. ಮೂರರ ಚೀಟಿ ಎರಡನೇ ಗೂಡಿಗೆ ಹೋಗಿತ್ತು; ಪೆಟ್ಟಿಗೆ ಎಣಿಸುವುದು ಗೂಡನ್ನು, ಚೀಟಿಯನ್ನಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವಳು ಪೆಟ್ಟಿಗೆ ಜೋಡಿಸಿಕೊಟ್ಟಿದ್ದ ಕೋಲಾರದ ಚಿಕ್ಕಪ್ಪನ ಮಗ ಕದಿರೇಶನಿಗೆ ಫೋನ್ ಮಾಡಿದಳು.

"ಒಳ್ಳೇದನ್ನ ಕಿತ್ತಿದ್ದೀಯಲ್ಲೇ! ಈಗ ಆ ಸಾಯೋ ಡಿಸ್ಕೇ ಗತಿ. ಕಿತ್ತಿದ್ದನ್ನ ತಿರ್ಗಾ ಹಾಕಿದ್ರೆ ಮೊದಲಿಂದ ತುಂಬಿಸ್ಕೊಳ್ಳುತ್ತೆ, ಆ ಭಾರ ಇದು ತಡೆಯಲ್ಲ. ಏನೂ ಮುಟ್ಬೇಡ. ಬೇಕಾದ್ದನ್ನ ಒಂದೊಂದೇ ಹೊರಗೆ ಕಾಪಿ ಮಾಡ್ಕೋ."

"ಯಾವ್ದು ಮೊದ್ಲು ಅಣ್ಣಾ?"

"ದೊಡ್ಡಮ್ಮನ್ನೇ ಕೇಳು."

ಪೆಟ್ಟಿಗೆಯೊಳಗೆ ಟಿಕ್ ಟಿಕ್ ಸದ್ದು ಶುರುವಾಗಿತ್ತು. "ಅಮ್ಮಾ, ಬೇಗ ಹೇಳಮ್ಮ, ಯಾವ ಹಾಡು?" ಎಂದು ಅವಳು ಅತ್ತೇಬಿಟ್ಟಳು. ಹೇಳು ಎಂದರೆ ಆಕೆ ಹೇಗೆ ಹೇಳಿಯಾರು? ಭಾರತಮ್ಮ ಒಂದು ಗಳಿಗೆ ಪರದೆಯನ್ನೇ ನೋಡಿದರು. ಆಮೇಲೆ ಬಲಗೈ ಮುಷ್ಟಿ ಹಿಡಿದು ಗಾಳಿಯಲ್ಲಿ ನಿಧಾನಕ್ಕೆ ಬೀಸುಕಲ್ಲು ತಿರುಗಿಸಿದರು.

ಬೀಸುವ ಪದ ತೆವಳುತ್ತ ತೆವಳುತ್ತ ಹೊರಗೆ ಬಂತು. ಮಾನಸ ಲಾಲಿಯ ಮೇಲೆ ಒತ್ತಿದಳು. ಟಿಕ್ ಟಿಕ್ ನಿಂತಿತು. ಪರದೆಯ ಮೇಲಿದ್ದ ನೂರಾರು ಹೆಸರುಗಳು ಒಟ್ಟಿಗೆ ಮಾಯವಾದವು. ಅವಳು ದೇವರನ್ನೂ ತನ್ನನ್ನೂ ಬಾಯಿಗೆ ಬಂದಂತೆ ಬೈದುಕೊಂಡಳು. ಕದಿರೇಶ ಹೇಳಿದ್ದನ್ನೆಲ್ಲ ಮಾಡಿ ನೋಡಿದಳು. ಪೆಟ್ಟಿಗೆ ಉಸಿರೆತ್ತಲಿಲ್ಲ.

ಕೊನೆಗೆ ಉಳಿದ ಆ ಒಂದನ್ನೇ ಹಾಕಿದಳು. ಕಲ್ಲಿನ ಗರಗರ, ಅದರ ಮೇಲೆ ಅಮ್ಮನ ತುಂಬು ದನಿ. ಪಕ್ಕದಲ್ಲಿ ಕೂತಿದ್ದ ಭಾರತಮ್ಮನ ತುಟಿಗಳು ಸದ್ದಿಲ್ಲದೆ ಜೊತೆಗೆ ಅಲುಗಿದವು. ಹಾಡು ಅರ್ಧಕ್ಕೇ ನಿಂತಿತು. ಕಲ್ಲೂ ನಿಂತಿತು.

"ಇವತ್ತಿಗೆ ಸಾಕು ಕಣೇ, ಕೈ ನೋಯ್ತೈತೆ," ಎಂದಿತು ದನಿ. "ಮಿಕ್ಕಿದ್ದು ನಾಳೆ ಹೇಳ್ತೀನಿ."