ಸೆಪ್ಟೆಂಬರಿನ ಪರೀಕ್ಷೆ

ಫೆಬ್ರವರಿಯಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಲೈಲ್ ಪ್ರುಚ್ನಿಕ್ ಬೂಟಿನ ಲೇಸು ಕಟ್ಟಲು ಬಗ್ಗಿದರೆ ವಾಂತಿ ಮಾಡಿಕೊಳ್ಳುತ್ತಿದ್ದ. ಹೆಂಡತಿ ಕೊರಿನ್ ಮಂಡಿಯೂರಿ ಕಟ್ಟುತ್ತಿದ್ದಳು. ಹಾರ್ವಿಕ್ ಬಾಯ್ಲರ್ಸ್ ಐಸ್ ಹಾಕಿ ತಂಡದಲ್ಲಿ ಅವನು ಎದುರಾಳಿಗಳ ಜೊತೆ ಗುದ್ದಾಟಕ್ಕೆಂದೇ ಇದ್ದವನು. ಆಟಗಾರರ ಗಾಯ ನೋಡಿಕೊಳ್ಳುತ್ತಿದ್ದವನು ನಾನು. ವೈದ್ಯನಲ್ಲ; ಆದರೂ ಎಲ್ಲರೂ ಡಾಕ್ ಎನ್ನುತ್ತಿದ್ದರು.

ಪ್ರತಿ ಸೆಪ್ಟೆಂಬರಿನಲ್ಲಿ ನಾನು ಹತ್ತು ಪದ ಓದುತ್ತಿದ್ದೆ. ಐದು ನಿಮಿಷ ಬಿಟ್ಟು ಆಟಗಾರ ಒಪ್ಪಿಸಬೇಕು. ತಲೆಗೆ ಪೆಟ್ಟಾದರೆ ಮತ್ತೆ ಪರೀಕ್ಷೆ. ಸೆಪ್ಟೆಂಬರಿನಷ್ಟೇ ಹೇಳಿದರೆ ಆಡಬಹುದು. ಆಡದವನ ಜಾಗಕ್ಕೆ ಮರುದಿನವೇ ಇನ್ನೊಬ್ಬ ಬರುತ್ತಿದ್ದ. ಅದಕ್ಕೇ ಎಲ್ಲರೂ ಸೆಪ್ಟೆಂಬರಿನಲ್ಲಿ ಬೇಕೆಂದೇ ಮರೆಯುತ್ತಿದ್ದರು.

"ಎಷ್ಟು ನೆನಪಿದೆ ಲೈಲ್?"

"ನಾಲ್ಕು. ನಂಗೆ ಮದ್ವೆ ದಿನಾನೇ ನೆನಪಿರಲ್ಲ, ಕೊರಿನ್‌ನ ಕೇಳು."

ಹಿಂದಿನ ಸೆಪ್ಟೆಂಬರಿನಲ್ಲಿ ನಾನೂ ನಕ್ಕು, ನಾಲ್ಕು ಎಂದು ಬರೆದಿದ್ದೆ.

ಪೆಟ್ಟಿನ ನಂತರವೂ ಅವನು ನಾಲ್ಕೇ ಹೇಳಿದ. ಆಗ ತಮಾಷೆ ಮಾಡಲಿಲ್ಲ. ಉಳಿದವನ್ನು ಹುಡುಕುತ್ತ ಕೈ ಹಿಸುಕಿಕೊಂಡ.

ಮಾರ್ಚಿನಲ್ಲಿ ಮಾಲೀಕ ಹ್ಯಾಸ್ಕೆಟ್ ಹನ್ನೊಂದು ವರ್ಷ ನಡೆದ ತಂಡವನ್ನು ಮುಚ್ಚಿದ. ತಂಡ ಮುಚ್ಚಿದರೂ ಗಾಯಾಳುವಿಗೆ ಗುಣವಾಗುವವರೆಗೆ ಮಾಲೀಕನೇ ಚಿಕಿತ್ಸೆ ಕೊಡಿಸಬೇಕೆಂದು ಲೀಗಿನ ನಿಯಮವಿತ್ತು.

"ಆಗ್ಲೂ ನಾಲ್ಕು, ಈಗ್ಲೂ ನಾಲ್ಕು. ಹುಷಾರಾಗಿದಾನೆ ಅಂತ ಬರ್ಕೊಡಪ್ಪ," ಎಂದ ಹ್ಯಾಸ್ಕೆಟ್ ನನಗೆ. "ನನ್ ಇನ್ನೊಂದು ತಂಡಕ್ಕೂ ನಿನ್ನಂಥವನೊಬ್ಬ ಬೇಕು."

ಬರೆದುಕೊಟ್ಟೆ.

ಕೊರಿನ್ ಲೀಗಿಗೆ ದೂರು ಕೊಟ್ಟಳು. ವಿಚಾರಣೆಗೆ ತಂಡದವರೆಲ್ಲ ಬಂದರು; ನನ್ನನ್ನೂ ಕರೆಸಿದ್ದರು. ಸೆಪ್ಟೆಂಬರಿನಲ್ಲಿ ಸುಳ್ಳು ಹೇಳಿದ್ದೆ ಎಂದು ಲೈಲ್ ಹೇಳಿದಾಗ ಲೀಗಿನ ಅಧಿಕಾರಿ ನಕ್ಕ.

"ಈಗ ಹಾಗೆ ಹೇಳ್ತೀರಿ."

ನಾಯಕ ರೆನೊ ಟೆಸಿಯೆ ಎದ್ದು ನಿಂತ. "ನಾನೂ ಸುಳ್ಳು ಹೇಳ್ದೆ ಸಾರ್. ಹತ್ತೂ ನೆನಪಿತ್ತು. ಐದು ಹೇಳ್ದೆ."

"ಇದನ್ನ ಬರ್ಕೊಂಡ್ರೆ ನಿಮ್ಮನ್ನ ಯಾವ ತಂಡಾನೂ ತಗೊಳಲ್ಲ, ಗೊತ್ತಲ್ಲ?"

"ಬರ್ಕೊಳ್ಳಿ. ರೆನೊ ಟೆಸಿಯೆ ಅಂತ."

ಗೋಲು ಕಾಯುವವನು ಎದ್ದ. "ನಾನು ಮೂರೇ ಹೇಳಿದ್ದು. ದಡ್ಡ ಅಂದ್ಕೊಂಡ್ರು, ಬಿಡಿ."

ಕುರ್ಚಿಗಳು ಒಂದೊಂದಾಗಿ ಸರಿದವು. ಹದಿನೇಳು ಜನ ನಿಂತರು. ಯಾರೂ ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

"ಇವರೆಲ್ಲ ಸ್ನೇಹಿತರು," ಎಂದ ಅಧಿಕಾರಿ. "ಪರೀಕ್ಷೆ ಮಾಡಿದವರ ಮಾತು ಬೇಕು. ಇವರು ಸುಳ್ಳು ಹೇಳ್ತಿದ್ದದ್ದು ನಿಮಗೆ ಗೊತ್ತಿತ್ತಾ?"

ಲೈಲ್ ನನ್ನತ್ತ ತಿರುಗಿದ. ಅವನ ಮುಖದಲ್ಲಿ ನಂಬಿಕೆಯಿತ್ತು.

"ಇಲ್ಲ," ಎಂದೆ.

ಕೂತೇ ಹೇಳಿದೆ. ಅವರು ಯಾರೂ ಕೂರಲಿಲ್ಲ.