ಖಾಲಿ ಸೀಟಿಗೆ ತಂಪು

ಹನುಮಯ್ಯನ ಎಡಗಾಲಿಗೆ ಬೆಂಕಿ ಇಟ್ಟರೂ ಗೊತ್ತಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬಂದು ಮೊಣಕಾಲಿನ ಕೆಳಗೆ ಜೋಮು ಹಿಡಿದಿತ್ತು. ಲಾರಿಯಲ್ಲಿ ಡ್ರೈವರನ ಎಡಕ್ಕೇ ಇಂಜಿನ್ನು, ಅದರ ಮೇಲೊಂದು ತಗಡಿನ ಮುಚ್ಚಳ; ಬೇಸಿಗೆಯಲ್ಲಿ ಅದರ ಮೇಲೆ ದೋಸೆ ಹುಯ್ಯಬಹುದು. ಅದಕ್ಕೆ ತಾಗಿ ತಾಗಿ ಕಾಲು ಎರಡು ಸಲ ಬೊಬ್ಬೆ ಎದ್ದು ಕೀವಾಗಿತ್ತು. ಇನ್ನೊಂದು ಸಲ ಸುಟ್ಟುಕೊಂಡು ಬಂದರೆ ಕತ್ತರಿಸುವುದೇ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಲಾರಿ ಓಡಿಸುವುದು ಬಿಟ್ಟು ಅವನಿಗೆ ಬೇರೆ ಕೆಲಸ ಬಾರದು. ಎಂಬತ್ಮೂರರ ಬೇಸಿಗೆಯಲ್ಲಿ ರಾಜಗೋಪಾಲನಗರದ ನನ್ನ ತಗಡಿನ ಅಂಗಡಿಗೆ ಬಂದ.

“ನಂಜಪ್ಪಾ, ನನ್ ಕಾಲು ಉಳಿಸ್ಕೊಡೋ,” ಅಂದ.

ತಗಡು ಬಡಿಯುವವನನ್ನು ಡಾಕ್ಟರು ಮಾಡಿಬಿಟ್ಟನಲ್ಲ ಎಂದು ನಗು ಬಂತು. ಆದರೆ ತಲೆ ಓಡಿಸಿದ್ದೆಲ್ಲ ಅವನೇ. ಕ್ಯಾಬಿನ್ನಿನ ಮೇಲ್ಛಾವಣಿಗೆ ಸುಣ್ಣ ಬಳಿದ. ಇಂಜಿನ್ ಮುಚ್ಚಳದ ಮೇಲೆ ನಾಲ್ಕು ಪದರ ಒದ್ದೆ ಗೋಣಿಚೀಲ ಹೊದಿಸಿದ. ಬೀಡಿ ಕಾರ್ಖಾನೆಯ ಗೋದಾಮಿನಲ್ಲಿ ಬಿಸಾಡಿದ್ದ ಹೊಗೆಸೊಪ್ಪಿನ ಚೀಲಗಳವು. ಎರಡು ಸಲ ಒಗೆದರೂ ಘಾಟು ಹೋಗಿರಲಿಲ್ಲ. ನಾನು ಮಾಡಿಕೊಟ್ಟದ್ದು ಒಂದು ತಗಡಿನ ಕೊಳವೆ. ಅದರ ಅಗಲ ಬಾಯಿ ಹೊರಗಿನ ಗಾಳಿ ಹಿಡಿಯುತ್ತಿತ್ತು, ಸಣ್ಣ ತುದಿ ಅವನ ಎಡಗಾಲಿಗೆ ಊದುತ್ತಿತ್ತು. ನಡುವೆ ಲಾವಂಚದ ಬೇರಿನ ಕಂತೆ, ಅದರ ಮೇಲೆ ಆಸ್ಪತ್ರೆಯವರು ಎಸೆದ ಗ್ಲೂಕೋಸ್ ಬಾಟಲಿಯಿಂದ ತೊಟ್ಟು ತೊಟ್ಟಾಗಿ ನೀರು.

“ಸಾವ್ಕಾರ್ರ ಕಾರಿಗೆ ಏಸಿ ಇರ್ತದಂತೆ. ಇದು ಹನುಮಯ್ಯನ ಏಸಿ ಕಣೋ,” ಎಂದು ಮೀಸೆ ತಿರುವಿದ.

ಒಂದು ತಿಂಗಳಲ್ಲಿ ಹುಣ್ಣು ಒಣಗಿತು. ಅವನ ಹೆಂಡತಿ ಸೊಣ್ಣಮ್ಮ ಖುಷಿಗೆ ನನಗೆ ಕಡುಬು ಮಾಡಿ ಕಳಿಸಿದಳು. ನಾನು ಚಪ್ಪರಿಸಿಕೊಂಡು ತಿಂದೆ.

ಲಾರಿ ನರಸಪ್ಪಗೌಡರದು. ಪೀಣ್ಯದ ಹೊಲ ಕಾರ್ಖಾನೆಗೆ ಮಾರಿ ಕೊಂಡದ್ದು. ನನ್ನ ಅಂಗಡಿ ನಿಂತಿದ್ದೂ ಅವರ ಜಾಗದಲ್ಲೇ. ಒಂದು ದಿನ ಕ್ಯಾಬಿನ್ನು ಹತ್ತಿ ಕೂತವರು ಇಳಿಯಲೇ ಇಲ್ಲ.

“ಅಲಲಲಾ! ಇಲ್ಲಿ ಮಳೆಗಾಲಾನೇ ಇಟ್ಕೊಂಡವನಲ್ಲೋ ಬಡ್ಡೀಮಗ!” ಅಂದರು. ಒಂದು ಚಿಟಿಕೆ ನಶ್ಯ ಏರಿಸಿದರು. ಆ ನಶ್ಯದ ಜೊತೆಗೇ ಅವರ ತಲೆಗೆ ಯೋಚನೆಯೂ ಏರಿತು.

ಗೌಡರ ಹೆಂಡತಿ ಭದ್ರಮ್ಮ ಮನೆಯಲ್ಲಿ ರೇಷ್ಮೆ ಹುಳ ಮರಿ ಮಾಡಿದ್ದರು. ಅದನ್ನು ಬೊಮ್ಮಸಂದ್ರದಲ್ಲಿರುವ ಮಗಳು ಭಾಗ್ಯಮ್ಮನಿಗೆ ಕಳಿಸಬೇಕಿತ್ತು. ಮರಿಹುಳ ಬಿಸಿಲು ತಡೆಯದು. ಮದ್ರಾಸಿಗೆ ಹೊರಟ ಲಾರಿ ಹೇಗೂ ಆ ಕಡೆಯೇ ಹೋಗಬೇಕಲ್ಲ.

ಮಾರನೆಯ ದಿನ ಹನುಮಯ್ಯ ಕಾರ್ಖಾನೆಯಲ್ಲಿ ಲೋಡಿನ ಚೀಟಿ ತರಲು ಹೋಗಿದ್ದಾಗ ಗೌಡರು ನನ್ನನ್ನು ಕರೆದರು.

“ಉಳ ಇಡೋಕೆ ಕೊಳವೇನ ಆ ಪಕ್ಕದ್ ಸೀಟಿನ್ ಕಡೆ ತಿರುಗ್ಸು. ರಿವೆಟ್ ಹೊಡ್ದು ಬಿಗಿ ಮಾಡು. ಇಲ್ದಿದ್ರೆ ಇವ್ನು ದಾರೀಲಿ ತನ್ ಕಡೆ ತಿರುಗಿಸ್ಕೊತಾನೆ.”

“ಗೌಡ್ರೇ, ಅವನ ಕಾಲು...”

“ನಿನ್ ಅಂಗ್ಡಿ ಯಾರ್ ಜಾಗದಾಗೈತೋ?”

ನಾಲ್ಕು ರಿವೆಟ್ ಹೊಡೆದೆ. ಹೊಟ್ಟೆಪಾಡು ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿತನ ಅದು, ಬೇರೆ ಹೆಸರಿಲ್ಲ.

ಹುಳದ ತಟ್ಟೆಗಳು ಬಂದು ಸೀಟಿನ ಮೇಲೆ ಕೂತವು. ಇಂಜಿನ್ ಮೇಲಿನ ಒದ್ದೆ ಗೋಣಿಗಳನ್ನೂ ಗೌಡರು ಕಿತ್ತು ತಟ್ಟೆಗಳಿಗೆ ಹೊದಿಸಿದರು. ಅಷ್ಟರಲ್ಲಿ ಹನುಮಯ್ಯ ಬಂದ. ಬೋಳು ತಗಡು ನೋಡಿದ, ತಿರುಗಿದ ಕೊಳವೆ ನೋಡಿದ.

“ಗೌಡ್ರೇ, ಆ ಗೋಣಿ...”

“ಗೋಣಿ ಇಲ್ದಿದ್ರೆ ಸತ್ತೋಯ್ತೀಯಾ? ನಿನ್ ಕೊಳ್ತ್ ಕಾಲಿಗಿಂತ ನನ್ ಉಳ ದೊಡ್ದು. ಬಾಯ್ ಮುಚ್ಕೊಂಡು ಓಡ್ಸು. ಎಲ್ಲೂ ನಿಲ್ಲಿಸ್ಬೇಡ, ಸಂಜೆಗೆ ಮದ್ರಾಸಲ್ಲಿ ಮಾಲು ಇಳೀಬೇಕು.”

ಹನುಮಯ್ಯ ಬಾಯಿ ಮುಚ್ಚಿದ. ನನ್ನ ಮುಖ ನೋಡಿದ. ಹೊಗೆಸೊಪ್ಪಿನ ಗಾಳಿ ಸೋಕಿದರೂ ರೇಷ್ಮೆ ಹುಳ ಉಳಿಯುವುದಿಲ್ಲ. ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಶ್ಯದ ಗಂಡನನ್ನು ಭದ್ರಮ್ಮ ಹುಳದ ಕೋಣೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಆದರೆ ನಶ್ಯದಿಂದ ಕಟ್ಟಿದ ಮೂಗಿಗೆ ಗೋಣಿಯ ಘಾಟು ಎಲ್ಲಿ ತಿಳಿಯಬೇಕು? ನಾನೂ ಬಾಯಿ ಮುಚ್ಚಿದೆ. ಸಾಯಲಿ ಹುಳ, ಅನುಭವಿಸಲಿ ಗೌಡ ಎಂದು ಒಳಗೊಳಗೇ ಕುಣಿದೆ. ಹನುಮಯ್ಯನ ಕಾಲು ಆ ಗಳಿಗೆಯಲ್ಲಿ ನನಗೆ ನೆನಪೇ ಇರಲಿಲ್ಲ.

ಬೊಮ್ಮಸಂದ್ರದಲ್ಲಿ ಭಾಗ್ಯಮ್ಮ ತಟ್ಟೆಗಳನ್ನು ಗೋಣಿ ಸಮೇತ ಇಳಿಸಿಕೊಂಡಳು. ಅಲ್ಲಿಂದ ಮದ್ರಾಸಿನವರೆಗೆ ಕೊಳವೆ ಖಾಲಿ ಸೀಟಿಗೆ ತಣ್ಣಗೆ ಊದುತ್ತ ಹೋಯಿತು. ಹನುಮಯ್ಯ ಟವಲ್ ನೆನೆಸಿ ಕಾಲಿಗೆ ಸುತ್ತಿಕೊಂಡನಂತೆ. ಎರಡು ಮೈಲಿಗೆ ಅದು ಒಣಗುತ್ತಿತ್ತಂತೆ. ನೋವೇ ಇಲ್ಲದ ಕಾಲು, ಎಷ್ಟು ಬೆಂದಿತೆಂದು ಅವನಿಗೆ ಹೇಗೆ ತಿಳಿಯಬೇಕು? ಮದ್ರಾಸಿನಲ್ಲಿ ಇಳಿದಾಗ ಚಪ್ಪಲಿ ಬಿಚ್ಚಿದರೆ ಚರ್ಮವೂ ಜೊತೆಗೆ ಬಂತು.

ಮಾರನೆಯ ಬೆಳಿಗ್ಗೆಗೆ ಹುಳಗಳೆಲ್ಲ ತಲೆ ಎತ್ತಿ, ವಾಂತಿ ಮಾಡಿಕೊಂಡು ಸತ್ತಿದ್ದವು. ತಿಪ್ಪೆಗೆ ಎಸೆದದ್ದನ್ನು ಕೋಳಿಗಳೂ ಮುಟ್ಟಲಿಲ್ಲವಂತೆ. ಗೌಡರು ಬೀದಿಯಲ್ಲಿ ಬಾಯಿ ಬಡಿದುಕೊಳ್ಳುವಾಗ ನಾನು ಸುತ್ತಿಗೆಯ ಸದ್ದಿನಲ್ಲಿ ನಗು ಮುಚ್ಚಿಕೊಂಡೆ. ಆ ವಾರವೇ ಹನುಮಯ್ಯನ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಗೌಡರು ಹೊಸ ಡ್ರೈವರನನ್ನು ಇಟ್ಟುಕೊಂಡರು.

ಎರಡು ತಿಂಗಳ ಮೇಲೆ ಹನುಮಯ್ಯ ಊರುಗೋಲಿನಲ್ಲಿ ಅಂಗಡಿಗೆ ಬಂದ. ಕೋಲಿನ ತುದಿ ಸೀಳುತ್ತಿದೆ, ಒಂದು ತಗಡಿನ ಪಟ್ಟಿ ಹಾಕಿಕೊಡು ಎಂದ. ಕೊಳವೆ ತಿರುಗಿಸಿದ್ದು ಗೌಡರೇ ಎಂದು ಅವನು ತಿಳಿದಿರಬಹುದು ಅಂದುಕೊಂಡು, ನಾನು ತಲೆ ಬಗ್ಗಿಸಿ ತಗಡು ಕತ್ತರಿಸುತ್ತಿದ್ದೆ.

“ಆವತ್ತು ಕೃಷ್ಣಗಿರೀಲಿ ಗಾಡಿ ನಿಲ್ಲಿಸ್ದೆ ನಂಜಪ್ಪ,” ಎಂದ. “ಸ್ಕ್ರೂಡ್ರೈವರ್ ಇಟ್ಟು ಮೀಟ್ದೆ, ಕಲ್ಲಲ್ಲಿ ಹೊಡ್ದೆ. ನಾಕು ರಿವೆಟ್ನಲ್ಲಿ ಒಂದೂ ಅಲ್ಲಾಡ್ಲಿಲ್ಲ. ಮುಟ್ಟಿ ನೋಡಿದ್ರೇ ಗೊತ್ತಾಯ್ತು, ನಿನ್ ಕೈ ಅಂತ.”

ಕತ್ತರಿ ಕೆಳಗಿಟ್ಟೆ. ಅವನು ಕೋಲನ್ನು ನನ್ನ ಮುಂದಕ್ಕೆ ಚಾಚಿದ.

“ಇದಕ್ಕೂ ನಾಕು ಹೊಡಿ. ಅಂಗೇ ಗಟ್ಟಿಯಾಗಿ.”

ಹೊಡೆದೆ.