ಭತ್ತದ ಕಣದ ಗಾಲಿ ಕುಸ್ತಿ

ಚಿಕ್ಕಬೀರಮ್ಮನ ಗಂಟಲು ದೊಡ್ಡದು. ಕಟ್ಟೆಮಳಲವಾಡಿಯಲ್ಲಿ ಆಕೆ ಬಾಯಿ ತೆರೆದರೆ ಸಾಕು, ಮೆಲ್ಲಗೆ ಮಾತಾಡು ಎಂದು ಬುದ್ಧಿ ಹೇಳುವವರೇ ಎಲ್ಲ. ಕೂಗು ಎಂದು ಕರೆದದ್ದು ರೋಲರ್ ಡರ್ಬಿ ಒಂದೇ.

ಊರವರು ಅದಕ್ಕೆ ಗಾಲಿ ಕುಸ್ತಿ ಎನ್ನುತ್ತಾರೆ, ತಪ್ಪೇನಿಲ್ಲ. ಗಾಲಿ ಬೂಟು ತೊಟ್ಟ ಹೆಂಗಸರು ಮೊಟ್ಟೆಯಾಕಾರದ ಗೆರೆಗಳ ನಡುವೆ ಸುತ್ತುತ್ತಾರೆ. ಟೋಪಿಯ ಮೇಲೆ ನಕ್ಷತ್ರ ಇದ್ದವಳು ಎದುರಾಳಿಗಳನ್ನು ದಾಟಬೇಕು. ದಾಟಿದ ಒಬ್ಬೊಬ್ಬಳಿಗೂ ಒಂದೊಂದು ಅಂಕ. ಉಳಿದವರು ಭುಜ, ಸೊಂಟ ಕೊಟ್ಟು ಅಡ್ಡಗಟ್ಟುತ್ತಾರೆ, ತಮ್ಮವಳಿಗೆ ದಾರಿ ಕೂಗಿ ಹೇಳುತ್ತಾರೆ. ಸುಸ್ತಾದರೆ ನಕ್ಷತ್ರದ ಟೋಪಿಯನ್ನು ತನ್ನ ಕಡೆಯ, ಮೊದಲೇ ಗೊತ್ತುಮಾಡಿದ ಒಬ್ಬಳಿಗೆ ಕೊಡಬಹುದು. ಚಿಕ್ಕಬೀರಮ್ಮನ ತಂಡದಲ್ಲಿ ಆ ಒಬ್ಬಳು ಬೃಂದಾ, ಅಂಗಿಯ ನಂಬರು ಆರು.

ಇವರು ಆಟ ಕಲಿತದ್ದು ಕೆ.ಆರ್. ನಗರದಲ್ಲಿ, ಸಾಹುಕಾರ ನೀಲಕಂಠಸ್ವಾಮಿಯವರ ಅಕ್ಕಿ ಗಿರಣಿಯ ಸಿಮೆಂಟು ಕಣದಲ್ಲಿ. ಇದುವರೆಗೆ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಸಾಹುಕಾರರಿಗೂ ಬೇಸರ ಬಂದಿತ್ತು.

"ಮೈಸೂರಿನೋರ ಕೈಲೂ ಸೋತ್ರೆ ಕಣ ಬುಟ್‌ಬುಡಿ ಕಣ್ರವ್ವ. ಭತ್ತ ಒಣಗಾಕ್ಬೇಕು," ಎಂದುಬಿಟ್ಟಿದ್ದರು.

ಕಣ ಹೋದರೆ ಆಟವೂ ಹೋಯಿತು. ಮತ್ತೆ ಬಾಯಿ ಮುಚ್ಚಿಕೊಂಡು ಬದುಕಬೇಕಲ್ಲ ಎಂಬುದೇ ಚಿಕ್ಕಬೀರಮ್ಮನ ಚಿಂತೆ.

ಅದೇ ಕಣದಲ್ಲಿ ಮೈಸೂರಿನವರ ಜೊತೆ ಪಂದ್ಯ ನಡೆಯಿತು. ಕೊನೆಯ ಸುತ್ತಿಗೆ ಇವರು ಮೂರು ಅಂಕ ಹಿಂದೆ. ನಕ್ಷತ್ರ ತೊಟ್ಟಿದ್ದವಳು ಎಚ್.ಡಿ. ಕೋಟೆಯ ಅನು. ಕಡ್ಡಿಯಂಥ ಹುಡುಗಿ, ಮೈಸೂರಿನ ನಾಲ್ವರ ಹಿಂದೆ ಸಿಕ್ಕಿಕೊಂಡು ಒದ್ದಾಡುತ್ತಿದ್ದಳು. ತಿರುವಿನ ಒಳಮೂಲೆಯನ್ನು ಗೆರೆ ಮುಟ್ಟದೆ ನೆಗೆದರೆ ನಾಲ್ವರೂ ಹಿಂದೆ ಬೀಳುತ್ತಾರೆ. ಅದು ಚಿಕ್ಕಬೀರಮ್ಮನ ಕಣ್ಣಿಗೆ ಬಿತ್ತು.

"ಅನೂ, ಆರು!"

ಆಕೆ ಹೇಳಿದ್ದು ಹಾರು ಎಂದು. ಹಕಾರ ಆಕೆಯ ನಾಲಿಗೆಗೂ ಒಗ್ಗದು, ಆಕೆಯ ಅವ್ವನ ನಾಲಿಗೆಗೂ ಒಗ್ಗಿರಲಿಲ್ಲ.

"ಆರನೇ ನಂಬರ್‌ಗೆ ಕೊಡ್ತಾಳೆ, ಹಿಡೀರೇ!" ಎಂದು ಮೈಸೂರಿನ ನಾಯಕಿ ಕಾವ್ಯಶ್ರೀ ಕಿರುಚಿದಳು. ನಾಲ್ವರೂ ಬೃಂದಾಳ ಮೇಲೆ ಮುಗಿಬಿದ್ದರು. ಒಳಮೂಲೆ ಬಟಾಬಯಲಾಯಿತು. ಆಕೆಯ ಮಾತಿನ ರೂಢಿಯಿದ್ದ ಅನು ನೆಗೆದಳು, ಆಚೆ ಬಿದ್ದಳು, ತೂರಾಡಿದಳು, ನಿಂತಳು. ನಾಲ್ಕು ಅಂಕ! ಸೀಟಿ ಕೂಗಿತು, ಒಂದೇ ಅಂಕದಿಂದ ಇವರು ಗೆದ್ದಿದ್ದರು.

ಕಾವ್ಯಶ್ರೀ ಸೊಂಟದ ಮೇಲೆ ಕೈಯಿಟ್ಟು ಬಂದಳು. "ಅಕ್ಕಾ, ಆರು ಅಂದ್ರಿ. ಇದು ಮೋಸ ಅಲ್ವಾ?"

"ಮೋಸ ಯಾಕವ್ವ? ನಾನು ಆರು ಅಂದೆ, ಅವ್ಳು ಆರುದ್ಲು!"

ಅರ್ಥವಾದದ್ದೇ ತಡ, ಕಾವ್ಯಶ್ರೀ ಬಿದ್ದು ಬಿದ್ದು ನಕ್ಕು ಚಿಕ್ಕಬೀರಮ್ಮನನ್ನು ತಬ್ಬಿಕೊಂಡಳು. ಗುದ್ದಾಡಿದವರು ಆಮೇಲೆ ತಬ್ಬಿಕೊಳ್ಳುವುದು ಈ ಆಟದ ಪದ್ಧತಿ.

"ನನ್ ಮ್ಯಾಲೇ ಯಾಕಕ್ಕ ಬಿದ್ರು?" ಎಂದು ಬೃಂದಾ ಇನ್ನೂ ಸೊಂಟ ಉಜ್ಜಿಕೊಳ್ಳುತ್ತಿದ್ದಳು.

ಚಿಕ್ಕಬೀರಮ್ಮನ ಕಣ್ಣು ಮಾತ್ರ ಸಾಹುಕಾರರ ಮೇಲಿತ್ತು. ಅವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಗಿರಣಿಯ ಆಳಿನ ಕಡೆ ತಿರುಗಿದರು.

"ಲೋ ಮಾದೇಶ, ಭತ್ತನ ಆ ಕಡೆ ಶೆಡ್ಡಿಗೆ ಸಾಗ್ಸ್ಲಾ. ಈ ಕಣ ಇವರ್ದು."